ನಾಲ್ಕು ಮಂದಿ, ಒಂದೇ ಕೋಣೆ

ಅವರ ಒಂದು ಹೆಬ್ಬೆರಳಿನ ಉಗುರು ಚಪ್ಪಟೆಯಾಗಿ, ಅಗಲವಾಗಿ, ನಡುವೆ ಉದ್ದಕ್ಕೆ ಸೀಳಿತ್ತು. ಹಿಂದೆ ಯಾವಾಗಲೋ ಹಳೆಯ ಟಿವಿಯೊಂದು ಕೈಮೇಲೆ ಬಿದ್ದು ಹಾಗಾಗಿತ್ತಂತೆ. ಅದು ಯಾವ ಕೈಯ ಹೆಬ್ಬೆರಳು ಎಂದು ಕೇಳಿದರೆ ನನಗೆ ಹೇಳಲಾಗುವುದಿಲ್ಲ. ಕಣ್ಣು ಮುಚ್ಚಿದರೆ ಆ ಸೀಳುಗುರು ಆಟದ ಗುಂಡಿಗಳ ಮೇಲೆ ಓಡಾಡುವುದು ಕಾಣುತ್ತದೆ. ಒಮ್ಮೆ ಎಡಬದಿಯಲ್ಲಿ, ಇನ್ನೊಮ್ಮೆ ಬಲಬದಿಯಲ್ಲಿ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಆದ್ದರಿಂದ ಮುಂದಿನದನ್ನೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು.

ಧಾರವಾಡದಲ್ಲಿ ನಾನು ಓದಿದ್ದು ಇತಿಹಾಸ. ಸಾಕ್ಷಿ ಹೇಳುವವನ ದನಿ ಎಷ್ಟು ಗಟ್ಟಿಯಾಗಿದೆ ಎಂಬುದಕ್ಕೂ ಅವನು ಹೇಳಿದ್ದು ನಿಜವೇ ಎಂಬುದಕ್ಕೂ ಸಂಬಂಧವಿಲ್ಲ ಎನ್ನುವುದನ್ನು ಅಲ್ಲಿ ಮೊದಲ ವರ್ಷವೇ ಕಲಿಸಿದ್ದರು. ಈಗ ಪುಣೆಯ ಒಂದು ವಿಮಾ ಕಂಪನಿಯಲ್ಲಿ ಅಪಘಾತದ ಕಾಗದಪತ್ರ ತಪಾಸಣೆ ಮಾಡುವುದು ನನ್ನ ಕೆಲಸ. ಒಂದೇ ಡಿಕ್ಕಿಯನ್ನು ಮೂವರು ಮೂರು ಥರ ಹೇಳುತ್ತಾರೆ. ಯಾರ ಮಾತು ಎಲ್ಲಿ ಸಡಿಲ ಎಂದು ಹುಡುಕುವುದರಲ್ಲಿ ನನಗೆ ಕಚೇರಿಯಲ್ಲಿ ಒಳ್ಳೆಯ ಹೆಸರಿದೆ. ಈ ಒಬ್ಬರ ವಿಷಯಕ್ಕೆ ಬಂದರೆ ಮಾತ್ರ ನನ್ನದೇ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ.

ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಪುಣೆಯ ವಾಕಡ ಬಡಾವಣೆಯ ಒಳರಸ್ತೆಯಲ್ಲಿ ಹಿಟ್ಟಿನ ಗಿರಣಿಯ ಪಕ್ಕ ಅವರದೊಂದು ಸಣ್ಣ ಅಂಗಡಿ. ಹಳೆಯ ವಿಡಿಯೋ ಗೇಮುಗಳ ಡಿಸ್ಕುಗಳನ್ನು ಕೊಳ್ಳುವುದು, ಮಾರುವುದು, ವಾರದ ಬಾಡಿಗೆಗೆ ಕೊಡುವುದು ಅವರ ವ್ಯಾಪಾರ. ಗಿರಣಿಯ ಹಿಟ್ಟು ಗೋಡೆ ದಾಟಿ ಬಂದು ಎಲ್ಲದರ ಮೇಲೂ ತೆಳ್ಳಗೆ ಕೂತಿರುತ್ತಿತ್ತು. ಡಿಸ್ಕು ಕೈಗೆ ಕೊಡುವ ಮೊದಲು ಅವರು ಅದನ್ನು ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೆಳಗಾವಿ ಕಡೆಯವರು, ಮೊದಲು ಟಿವಿ ರಿಪೇರಿ ಮಾಡುತ್ತಿದ್ದರು.

ಅಲ್ಲಿಗೆ ನಾವು ಹೋಗಿದ್ದು ನನ್ನ ತಪ್ಪಿನಿಂದ. ಪ್ರತಿ ಭಾನುವಾರ ಮಧ್ಯಾಹ್ನ ನನ್ನ ಫ್ಲಾಟಿನ ಹಾಲಿನಲ್ಲಿ ನಾಲ್ವರು ಸೇರುತ್ತಿದ್ದೆವು. ನಾನು, ಹಿಂಜವಡಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಕಾರ್ತಿಕ್, ತನ್ನ ಹೋಟೆಲಿನ ಊಟದ ಗದ್ದಲ ಮುಗಿಸಿ ಮೂರು ಗಂಟೆಗೆ ಸಾಂಬಾರಿನ ವಾಸನೆಯ ಸಮೇತ ಬರುವ ಉಡುಪಿ ಕಡೆಯ ಪ್ರಶಾಂತ, ಮತ್ತೆ ಮಲ್ಲು. ಮಲ್ಲು ಧಾರವಾಡದಿಂದಲೂ ನನ್ನ ಗೆಳೆಯ. ಪುಣೆ ಹತ್ತಿರದ ಶಿರೂರಿನ ಸುತ್ತ ಜಮೀನು ಅಳೆಯುವ ಸರ್ವೇ ಕೆಲಸ ಅವನದು. ಮದುವೆ, ಕಂತು, ಬಾಸು ಎಂದು ಉಳಿದ ಆರು ದಿನ ಯಾರೂ ಯಾರಿಗೂ ಸಿಗುತ್ತಿರಲಿಲ್ಲ. ಒಂದು ಟಿವಿ, ಒಂದು ಸೋಫಾ, ನಾಲ್ಕು ಕಂಟ್ರೋಲರು — ಎರಡೂ ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಆ ಸಾಧನ. ಇಷ್ಟೇ ನಮ್ಮ ಏರ್ಪಾಡು.

ಒಂದು ವಾರ ನಾನು ಹೊಸ ಆಟವೊಂದನ್ನು ತಂದೆ. ಪೆಟ್ಟಿಗೆಯ ಹಿಂದೆ ನಾಲ್ವರು ಆಡಬಹುದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನಾಲ್ವರೂ ಕೂತು, ಕಂಟ್ರೋಲರ್ ಹಿಡಿದು, ಮುಕ್ಕಾಲು ಗಂಟೆ ಎರಡನೆಯವನನ್ನು ಒಳಗೆ ಸೇರಿಸುವ ದಾರಿ ಹುಡುಕಿದೆವು. ಅಂಥ ದಾರಿಯೇ ಇರಲಿಲ್ಲ.

"ನೀನೇ ತಾನೇ ಎಲ್ಲಾ ನಾಲ್ಕು ಸಲ ಓದಿ ತಗೊಳ್ಳೋನು," ಎಂದ ಕಾರ್ತಿಕ್.

"ಇವ ಕ್ಲೇಮ್ ಪಾಸ್ ಮಾಡಿದ್ದಾನೆ ಮಾರಾಯ, ಇನ್ನೆಂತ ಮಾಡುದು," ಎಂದ ಪ್ರಶಾಂತ.

ಮರುದಿನ ಆ ಪೆಟ್ಟಿಗೆ ಹಿಡಿದುಕೊಂಡು, ಯಾರಾದರೂ ಬದಲಿಸಿ ಕೊಡುತ್ತಾರೇನೋ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಈ ಅಂಗಡಿ. ಅವರು ಯಾರೊಂದಿಗೋ ಮರಾಠಿಯಲ್ಲಿ ಮಾತಾಡುತ್ತಿದ್ದರು. ನನ್ನ ಮರಾಠಿ ಕೇಳಿದ ಎರಡನೇ ವಾಕ್ಯಕ್ಕೇ ಕನ್ನಡಕ್ಕೆ ಬಂದರು.

"ಧಾರವಾಡದವರೇನ್ರಿ? ಕೂಡ್ರಿ. ಇದು ನಾಕು ಮಂದೀದು ಖರೇನ ಅದರೀ. ಆದ್ರ ನಾಕು ಮನೀದು."

ಅಂದರೆ ನಾಲ್ವರೂ ಅವರವರ ಮನೆಯಲ್ಲಿ, ಅವರವರ ಟಿವಿ ಮುಂದೆ, ಇಂಟರ್ನೆಟ್ಟಿನ ಮೂಲಕ ಕೂಡಿ ಆಡುವ ಆಟ ಅದು. ಒಂದೇ ಸೋಫಾದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುವವರಿಗೆ ಅಲ್ಲ. ಈಗ ಬರುವುದೆಲ್ಲ ಬಹುಪಾಲು ಹೀಗೇ ಎಂದರು. "ಕಂಪನೀದವ್ರಿಗೆ ನೀವು ಬ್ಯಾರೆ ಬ್ಯಾರೆ ಕೂತ್ರನ ಬೇಶಿ ನೋಡ್ರಿ. ಒಂದು ಡಿಸ್ಕು ಹೋಗೋ ಕಡೆ ನಾಕು ಹೋಗ್ತಾವ."

ಆಮೇಲೆ ಅವರು ಆಟ ತೋರಿಸಲಿಲ್ಲ, ಪ್ರಶ್ನೆ ಕೇಳಿದರು. ಎಷ್ಟು ಮಂದಿ, ಎಷ್ಟು ಹೊತ್ತು ಕೂರುತ್ತೀರಿ, ನಡುವೆ ತಿನ್ನುತ್ತೀರೋ, ಜಗಳ ಆಗುತ್ತದೆಯೋ. ಕೊನೆಗೆ, "ಯಾವಾಗ್ಲೂ ಸೋಲಾವ ಯಾರು?"

"ನಾನೇ ಅನ್ನಿಸ್ತದ," ಎಂದೆ.

"ಅನ್ನಸ್ತದ ಅಂದ್ರ? ಸೋತಾವಗ ಗೊತ್ತಿರ್ತದರೀ." ನಕ್ಕು, ಕಪಾಟಿನ ಕಡೆ ತಿರುಗಿದರು.

ಆ ಕಪಾಟನ್ನು ನಾನು ಮರೆತಿಲ್ಲ, ಇದಕ್ಕೆ ನನ್ನ ಫೋನಿನಲ್ಲಿ ಚಿತ್ರವೂ ಇದೆ. ಡಿಸ್ಕುಗಳನ್ನು ಅವರು ಹೆಸರಿನ ಪ್ರಕಾರ ಜೋಡಿಸಿರಲಿಲ್ಲ, ಆಡುವವರ ಪ್ರಕಾರ ಜೋಡಿಸಿದ್ದರು. ಪ್ರತಿ ಸಾಲಿಗೂ ಕನ್ನಡದಲ್ಲಿ ಬರೆದ ಚೀಟಿ. ಇಲ್ಲಿನ ಗಿರಾಕಿಗಳು ಓದಲಾರರು ಎಂಬ ಧೈರ್ಯ. "ಹೊಸದಾಗಿ ಲಗ್ನ ಆದವರು." "ಅಣ್ಣ ತಮ್ಮ, ಬಡಿದಾಡವರು." "ಅಜ್ಜಿ ಕೂಡ್ತಾಳ." "ಒಬ್ಬ ಶಾಣ್ಯಾ, ಉಳದವರು ಸಾದಾ." ನಮಗೆ ಕೊಟ್ಟಿದ್ದು ಈ ಕೊನೆಯ ಸಾಲಿನಿಂದ. ಶಾಣ್ಯಾ ಅಂದರೆ ಜಾಣ; ಅವನು ಯಾರು ಎಂದು ಅವರು ಕೇಳಲಿಲ್ಲ. ಮುಂದಿನ ವಾರ ಕಾರ್ತಿಕ್ ಜೊತೆಗೆ ಬಂದಾಗ ಅವನ ಮುಖ ನೋಡಿ, "ಇವರೇನು," ಎಂದಷ್ಟೇ ಅಂದರು.

ಟಿವಿ ಎದುರಿಗೆ ಹಳೆಯ ಬಸ್ಸಿನಿಂದ ಕಿತ್ತ ಒಂದು ಸೀಟು ಹಾಕಿದ್ದರು. ಹೊಸ ಗಿರಾಕಿಗಳನ್ನು ಅದರ ಮೇಲೆ ಕೂರಿಸಿ ಹತ್ತು ನಿಮಿಷ ಆಡಿಸದೆ ಡಿಸ್ಕು ಕೊಡುತ್ತಿರಲಿಲ್ಲ. ಅವರು ಪಕ್ಕಕ್ಕೆ ನಿಂತು ಪರದೆಯನ್ನು ನೋಡುತ್ತಿರಲಿಲ್ಲ, ಕೂತವರಲ್ಲಿ ಸೋಲುತ್ತಿರುವವನ ಮುಖ ನೋಡುತ್ತಿದ್ದರು. ಆ ಮುಖ ಗಂಟಿಕ್ಕಿದರೆ ಪರವಾಗಿಲ್ಲ. ಖಾಲಿಯಾದರೆ ತಕ್ಷಣ ಆಟ ಬಂದ್ ಮಾಡಿ ಬೇರೆ ಹಾಕುತ್ತಿದ್ದರು. "ಗೆದ್ದಾವ ಹೆಂಗೂ ಬರ್ತಾನ. ಸೋತಾವ ಮುಂದಿನ ವಾರ ಬರಬೇಕು. ಅಷ್ಟ ನೋಡ್ಕೊಂಡ್ರ ಆಟ ಛಲೋ ಅದ ಅಂತ ತಿಳೀರಿ."

ಹೀಗೆ ಎರಡು ವರ್ಷ ನಡೆಯಿತು. ಅಥವಾ ಮೂರು. ಆಮೇಲೆ ಮಲ್ಲುವಿನ ಬೈಕು ಲೋಣಾವಳಾ ಘಾಟಿನಲ್ಲಿ ಮಳೆಗೆ ಜಾರಿತು. ತಲೆಗೆ ಏನೂ ಆಗಲಿಲ್ಲ, ಬಲಗೈಯ ನರ ಹೋಯಿತು. ಪ್ಲಾಸ್ಟರು ತೆಗೆದ ಮೇಲೂ ಬೆರಳು ಮಡಚುತ್ತಿರಲಿಲ್ಲ. ಡಾಕ್ಟರು ಒಂದು ವರ್ಷ ಕಾಯಿರಿ ಎಂದರು. ಆ ವರ್ಷ ಕಳೆದ ಮೇಲೆ ಏನನ್ನೂ ಹೇಳಲಿಲ್ಲ.

ಅವನು ಮತ್ತೆ ಬಂದ ಮೊದಲ ಭಾನುವಾರ ನಮಗೆ ಹೇಗಿರಬೇಕೆಂದು ತಿಳಿಯಲಿಲ್ಲ. ಹಳೆಯ ಕಾರಿನ ಆಟವನ್ನೇ ಹಾಕಿದೆವು. ಅವನು ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಎಡಗೈಯಿಂದ ಎರಡೂ ಬದಿಗೆ ಹಾರುತ್ತ ಒತ್ತುತ್ತಿದ್ದ. ಕಾರ್ತಿಕ್ ಕೊನೆಯ ತಿರುವಿನಲ್ಲಿ ನಿಂತೇಬಿಟ್ಟ. ಒಳ್ಳೆಯ ಮನಸ್ಸಿನಿಂದಲೇ ನಿಂತ. ಮಲ್ಲುವಿನ ಕಾರು ಮೊದಲು ಗೆರೆ ದಾಟಿತು.

ಮಲ್ಲು ಕಂಟ್ರೋಲರನ್ನು ಸೋಫಾದ ಮೇಲೆ ಮೆಲ್ಲಗೆ ಇಟ್ಟ. "ನನಗ ಭಿಕ್ಷಾ ಹಾಕಬ್ಯಾಡ್ರಲೇ," ಎಂದ. ಚಪ್ಪಲಿ ಮೆಟ್ಟಲು ಅವನಿಗೆ ಹೊತ್ತು ಹಿಡಿಯಿತು. ಬಾಗಿಲಲ್ಲಿ ನನಗೆ ಮಾತ್ರ ಕೇಳುವ ಹಾಗೆ, "ಸೋಲಸೂದಾದ್ರ ಕರೀ. ಇಲ್ಲಾಂದ್ರ ನಾ ಬರಂಗಿಲ್ಲ," ಎಂದ.

ಆರು ವಾರ ಬರಲಿಲ್ಲ. ಫೋನು ಎತ್ತಿದರೆ ಶಿರೂರಿನಲ್ಲಿದ್ದೇನೆ ಎನ್ನುತ್ತಿದ್ದ. ಒಂದು ಕೈಯಲ್ಲಿ ಅಳತೆಯ ಉಪಕರಣ ನಿಲ್ಲಿಸಲಾಗದೆ ಅವನನ್ನು ಆಗಲೇ ಕಚೇರಿಯಲ್ಲಿ ಕೂರಿಸಿದ್ದರು ಎಂದು ಅವನ ಹೆಂಡತಿಯಿಂದ ನನಗೆ ಗೊತ್ತಿತ್ತು. ಮೂವರೇ ಕೂತು ಆಡಿದೆವು. ಸೋಫಾದ ಮೂಲೆಯಲ್ಲಿ ಯಾರೂ ಕೂರುತ್ತಿರಲಿಲ್ಲ.

ನಾನು ಕಾಕಾ ಹತ್ತಿರ ಹೋಗಿ ಎಲ್ಲ ಹೇಳಿದೆ. ಅಯ್ಯೋ ಪಾಪ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನು ತೆಗೆದರು.

"ಎಡಗೈ ಪೂರಾ ಛಲೋ ಅದನೂ? ಹೆಬ್ಬಟ್ಟು? ತೋರಬಟ್ಟು?"

"ಅದ."

"ಬಲಗೈಲೆ ರಿಮೋಟ್ ಒತ್ತಿ ಹಿಡಿಯಾಕಾದ್ರೂ ಬರ್ತದೋ?" ಕಂಟ್ರೋಲರಿಗೆ ಅವರು ಕೊನೆಯವರೆಗೂ ರಿಮೋಟ್ ಎಂದೇ ಅಂದರು.

"ಇಲ್ಲ."

"ಸಿಟ್ಟು ಭಾಳ ಏನ್ರಿ?"

"ಈಗ ಭಾಳ."

"ಮೊದಲ?"

"ಮೊದಲ ಇದ್ದಿದ್ದಿಲ್ಲ. ನಮ್ಮೊಳಗ ತಾಳ್ಮಿ ಇದ್ದಾವ ಅವನೊಬ್ಬನ."

ಅದನ್ನು ಅವರು ಬರೆದುಕೊಂಡರು. "ಎರಡು ವಾರ ಕೊಡ್ರಿ. ಮತ್ತ ನಿಮ್ಮ ನಾಕೂ ರಿಮೋಟ್ ತಂದು ಕೊಡ್ರಿ, ಸ್ವಚ್ಛ ಮಾಡಿಡ್ತೀನಿ."

ಇಲ್ಲಿಂದ ನನ್ನ ನೆನಪು ಕಲಸಿಹೋಗುತ್ತದೆ. ಆ ಎರಡು ವಾರದ ನಡುವೆ ಒಂದು ದಿನ ನಾನು ಅಂಗಡಿಗೆ ಹೋಗಿದ್ದೆ, ಇದು ಖಂಡಿತ. ಅವರು ಬಸ್ಸಿನ ಸೀಟಿನ ಮೇಲೆ ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿಕೊಂಡು ಕೂತಿದ್ದರು. ಪಕ್ಕದಲ್ಲಿ ಬೇಡವೆಂದು ತೆಗೆದಿಟ್ಟ ಡಿಸ್ಕುಗಳ ಗುಡ್ಡೆ. "ಇದಕ್ಕ ಮೂರು ಕೈ ಬೇಕು," ಎಂದು ಒಂದನ್ನು ಆ ಗುಡ್ಡೆಗೆ ಎಸೆದರು. ಇದನ್ನು ನಾನು ಕಂಡೆನೋ, ಅಥವಾ ಬಹಳ ಆಮೇಲೆ ಬೇರೆಯವರು ಹೇಳಿದ್ದು ಕೇಳಿ ನನ್ನ ಕಣ್ಣು ಚಿತ್ರ ಮಾಡಿಕೊಂಡಿತೋ? ಇನ್ನೊಂದು ಚಿತ್ರವೂ ಇದೆ: ಮೇಜಿನ ಮೇಲೆ ಚಹಾದ ಬಸಿ, ಬಸಿಯಲ್ಲಿ ಸಣ್ಣ ಸ್ಕ್ರೂಗಳು, ಪಕ್ಕದಲ್ಲಿ ಬಿಚ್ಚಿ ಹಾಕಿದ ಒಂದು ಕಂಟ್ರೋಲರಿನ ಹೊಟ್ಟೆ. ಆದರೆ ಅವರು ರಿಪೇರಿಯನ್ನೂ ಮಾಡುತ್ತಿದ್ದರು. ಅದು ಯಾರದ್ದೂ ಆಗಿರಬಹುದು.

ಕಂಟ್ರೋಲರುಗಳು ನಾಲ್ಕು ದಿನದ ಮೇಲೆ ವಾಪಸು ಬಂದವು. ಎರಡು ವಾರ ತುಂಬಿದ ಭಾನುವಾರ ಆಟವೂ ಬಂತು. ಕಾಕಾ ತಾವೇ ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ನನ್ನ ಫ್ಲಾಟಿಗೆ ಬಂದಿದ್ದರು ಎನ್ನುತ್ತಾನೆ ಪ್ರಶಾಂತ. ಇಲ್ಲ, ನಾವೇ ಅಂಗಡಿಗೆ ಹೋಗಿದ್ದೆವು, ಆ ದಿನ ಗಿರಣಿಯ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ ಎನ್ನುತ್ತಾನೆ ಕಾರ್ತಿಕ್. ಬಸ್ಸಿನ ಸೀಟಿನಲ್ಲಿ ಮೂವರಷ್ಟೇ ಹಿಡಿಸುತ್ತಾರೆ, ಆದ್ದರಿಂದ ಪ್ರಶಾಂತನೇ ಸರಿ ಇರಬೇಕು ಎಂದು ನಾನು ತೀರ್ಮಾನಿಸಿದ್ದೆ. ಆದರೆ ಒಬ್ಬ ನಿಂತು ಆಡಿರಬಹುದಲ್ಲ ಎಂಬುದು ಆಮೇಲೆ ಹೊಳೆಯಿತು. ಮಲ್ಲುವನ್ನು ಕರೆತಂದವನು ನಾನು ಎಂಬುದು ಮಾತ್ರ ಎಲ್ಲರ ಹೇಳಿಕೆಯಲ್ಲೂ ಇದೆ. "ಸೋಲಸ್ತೀವಿ ಬಾ," ಎಂದಿದ್ದೆ.

ಆಟ ಇಷ್ಟೇ: ನೀರಿನಲ್ಲಿ ತೇಲುವ ಒಂದು ಮಂಜುಗಡ್ಡೆ, ಅದರ ಮೇಲೆ ನಾಲ್ಕು ದಪ್ಪ ಕರಡಿಗಳು. ಕರಡಿ ನಡೆದ ಕಡೆಗೆ ಗಡ್ಡೆ ವಾಲುತ್ತದೆ. ನಡೆಯಲು ಹೆಬ್ಬೆರಳಿನಿಂದ ತಿರುಗಿಸುವ ಎಡಗಡೆಯ ಸ್ಟಿಕ್ಕು. ಉಗುರೂರಿ ಕೂರಲು ಎಡಗಡೆಯ ಮೇಲಂಚಿನ ಒಂದು ಗುಂಡಿ. ಬಲಗಡೆಯ ಗುಂಡಿಗಳು ಈ ಆಟಕ್ಕೆ ಬೇಕೇ ಇರಲಿಲ್ಲ. ಕೊನೆಗೆ ಮೇಲೆ ಉಳಿದವನು ಗೆದ್ದ. ಕಾಕಾ ನಿಯಮ ಹೇಳಿ ಗೋಡೆಗೆ ಒರಗಿ ನಿಂತರು.

ಕಾರ್ತಿಕ್ ಎಂದಿನ ಹಾಗೆ ನುಗ್ಗಿದ. ಅವನ ಓಟಕ್ಕೇ ಗಡ್ಡೆ ವಾಲಿ, ಮೊದಲು ಅವನೇ ನೀರಿಗೆ ಬಿದ್ದ. ನಾನು ಮಲ್ಲುವನ್ನು ತಳ್ಳಲು ಹೋಗಿ ಜಾರಿದೆ. ಮಲ್ಲು ಮೊದಲ ಸಲ ಸೋತ. ಎರಡನೆಯ ಸಲ ಅವನು ನಡುವೆ ಕೂತೇ ಇದ್ದ. ಉಳಿದವರು ಓಡಾಡಿ ಗಡ್ಡೆಯನ್ನು ಅಲುಗಾಡಿಸಿಕೊಂಡು ತಾವೇ ಬಿದ್ದೆವು. ಮೂರನೆಯದನ್ನೂ ಗೆದ್ದ, ನಾಲ್ಕನೆಯದನ್ನೂ ಗೆದ್ದ.

"ಏ ಬೆಂಗಳೂರು, ನೀರು ತಂಪ್ ಅದನಪಾ?"

"ಮುಚ್ಕೊಂಡು ಆಡೋ," ಎಂದ ಕಾರ್ತಿಕ್. ಅವನ ಕಿವಿ ಕೆಂಪಾಗಿತ್ತು. "ಗುರು, ನನ್ನ ಕಂಟ್ರೋಲರ್ ಏನೋ ಆಗಿದೆ. ಲೇಟಾಗಿ ಹಿಡಿತಿದೆ."

ಆ ಮಾತಿಗೆ ಮಲ್ಲುವಿನ ನಗು ನಿಂತಿತು. ಅವನು ಕಾರ್ತಿಕನನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಗೋಡೆಯ ಕಡೆ ನೋಡಿದ. ಕಾಕಾ ತಮ್ಮ ಕನ್ನಡಕ ಒರೆಸುತ್ತಿದ್ದರು. ಮತ್ತೆ ಒಂದು ಗಂಟೆ ಆಡಿದೆವು. ಮಲ್ಲು ಕೆಲವು ಗೆದ್ದ, ಕೆಲವು ಸೋತ.

ಹೋಗುವಾಗ ಅವನು ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದ. (ಮೆಟ್ಟಿಲು ನೆನಪಿದೆ ಎಂದಮೇಲೆ ಅದು ನನ್ನ ಫ್ಲಾಟೇ ಇರಬೇಕು; ಆದರೆ ಗಿರಣಿಯ ಮುಂದೆಯೂ ಮೂರು ಮೆಟ್ಟಿಲುಗಳಿವೆ.)

"ಖರೇ ಹೇಳು. ಕಾಕಾ ನಿಮ್ಮ ರಿಮೋಟಿಗೆ ಏನರ ಮಾಡ್ಯಾರೇನು?"

"ಇಲ್ಲ."

"ನಿನಗ ಗೊತ್ತದ?"

"ಗೊತ್ತದ."

ನನಗೆ ಗೊತ್ತಿರಲಿಲ್ಲ. ಆಧಾರವಿಲ್ಲದ ಒಂದು ಮಾತಿಗೆ ಜೀವನದಲ್ಲಿ ಮೊದಲ ಸಲ ಸಹಿ ಹಾಕಿದ್ದೆ. ಅವನು ತಲೆಯಾಡಿಸಿ ಹೋದ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದ.

ಆ ವಾರ ನಾನು ಅಂಗಡಿಗೆ ಹೋಗಿ ನೇರವಾಗಿ ಕೇಳಿದೆ. ಕಾಕಾ ಬೇಸರ ಮಾಡಿಕೊಳ್ಳಲಿಲ್ಲ.

"ನಾ ಇಲ್ಲ ಅಂದ್ರ ನಂಬ್ತೀರೇನು?"

ನಾನು ಮೇಜಿನ ಮೇಲಿನ ಹಿಟ್ಟನ್ನು ಬೆರಳಿನಿಂದ ಒರೆಸಿದೆ.

"ನಂಬಂಗಿಲ್ಲ. ನೀವು ವಿಮಾದವ್ರು. ತಗದ ನೋಡ್ರಲಾ," ಎಂದು ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನು ನನ್ನ ಕಡೆ ಸರಿಸಿದರು.

ನಾನು ತೆಗೆದುಕೊಳ್ಳಲಿಲ್ಲ. ಒಳಗೆ ಏನಾದರೂ ಸಿಕ್ಕಿದರೆ ಮಲ್ಲುವಿಗೆ ಹೇಳಬೇಕು, ಇಲ್ಲವೇ ತಿಳಿದೂ ಸುಳ್ಳು ಹೇಳುತ್ತಿರಬೇಕು. ಅನುಮಾನವೇ ನನ್ನ ಹೊಟ್ಟೆಪಾಡು. ಇಲ್ಲಿ ಮಾತ್ರ ಅನುಮಾನವನ್ನು ಹಾಗೇ ಇಟ್ಟುಕೊಳ್ಳುವುದು ಸುಲಭ ಅನ್ನಿಸಿತು.

ಭಾನುವಾರಗಳು ನಿಲ್ಲಲಿಲ್ಲ. ಕಾಕಾ ಒಂದೊಂದಾಗಿ ಬೇರೆ ಆಟಗಳನ್ನೂ ಹುಡುಕಿ ಕೊಟ್ಟರು. ಕಪಾಟಿನಲ್ಲಿ ಹೊಸ ಸಾಲು ಬಂತು. ಅದರ ಚೀಟಿಯ ಮೇಲೆ "ಎಡಗೈ" ಎಂದಷ್ಟೇ ಇತ್ತು. ಮಲ್ಲು ಹೆಚ್ಚು ಸೋಲುತ್ತಿದ್ದ, ಜೋರಾಗಿ ಬೈಯುತ್ತಿದ್ದ, ಮತ್ತೆ ಬರುತ್ತಿದ್ದ. ಕಚೇರಿಯಲ್ಲಿ ನಕ್ಷೆ ತಯಾರಿಸುವ ಕೆಲಸವನ್ನು ಎಡಗೈಯಲ್ಲೇ ಕಲಿತ. ಅದಕ್ಕೂ ಕರಡಿಗಳಿಗೂ ಸಂಬಂಧವಿದೆ ಎಂದು ಹೇಳಲು ನನ್ನ ಬಳಿ ಪುರಾವೆಯಿಲ್ಲ. ಆದರೆ ಪ್ರತಿ ಭಾನುವಾರ ನಾಲ್ಕೈದು ಸಲ ಅವನು ಗೆದ್ದು ನಕ್ಕಾಗಲೂ ನನ್ನೊಳಗೆ ಆ ಒಂದು ಪ್ರಶ್ನೆ ಏಳುತ್ತಿತ್ತು. ನಾನು ಕೊಟ್ಟ ಮಾತು ಹುಸಿಯಾಗಿದ್ದರೆ ಅವನ ಈ ನಗುವೂ ಭಿಕ್ಷೆಯೇ ಅಲ್ಲವೇ?

ಕಳೆದ ಮಳೆಗಾಲದಲ್ಲಿ ನಾನು ಎರಡು ತಿಂಗಳು ಆ ರಸ್ತೆಗೆ ಹೋಗಲಿಲ್ಲ. ಹೋದಾಗ ಅಂಗಡಿಯ ಶಟರು ಮುಚ್ಚಿತ್ತು. ಗಿರಣಿಯವನು ಮರಾಠಿಯಲ್ಲಿ, ಕಾಕಾ ಗೇಲೆ, ಎಂದ. ಹೋಗಿಬಿಟ್ಟರು. ಎದೆನೋವು ಬಂತು, ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗಲಿಲ್ಲವಂತೆ.

ನಾಲ್ವರೂ ಅವರ ಮನೆಗೆ ಹೋದೆವು. ಅವರ ಹೆಂಡತಿ ಕಾಕೂ ನಮ್ಮನ್ನು ಮೊದಲು ಕಂಡಿರಲಿಲ್ಲ. ಚಹಾ ಕೊಟ್ಟಾಗ ಮಲ್ಲು ಎಡಗೈ ಚಾಚಿದ. ಅವರು ಅವನ ಮುಖ ನೋಡಿದರು.

"ನೀವೇನ್ರಿ ಆ ಎಡಗೈಯವ್ರು?"

"ಹೌದ್ರಿ ಕಾಕೂ."

"ನಿಮ್ಮ ಸಂಬಂಧ ನಮ್ಮ ಮನ್ಯಾಗ ಎರಡು ವಾರ ಜಗಳ ಆತು ನೋಡ್ರಿ. ಬಲಗೈ ಕಟಗೊಂಡ ಅಡ್ಡಾಡವ್ರು. ಚಹಾನೂ ಎಡಗೈಲೆ. ಊಟಕ್ಕ ಕೂತಾಗ ಮಾತ್ರ ನಾ ಬೈದು ಬಿಚ್ಚಸ್ತಿದ್ದೆ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ನೂ ಕೂಡಿಸಿ ಆಡಸ್ಯಾರ. ನಾ ಒಂದು ಕರಡಿ, ಅವರೊಂದು ಕರಡಿ. ನಾ ಎರಡೂ ಕೈಲೆ ಹಿಡದು, ಅವರು ಒಂದ ಕೈಲೆ. ಒಮ್ಮೆ ನಾ ಗೆದ್ದೆ, ಒಮ್ಮೆ ಅವರು ಗೆದ್ರು. ಇದು ನಡೀತದ ಅಂದ್ರು."

ಮಲ್ಲು ಎಡಗೈಯಿಂದ ಬಸಿಯನ್ನು ಕೆಳಗಿಟ್ಟ. ನಮ್ಮ ಕಂಟ್ರೋಲರುಗಳ ವಿಷಯ ಕೇಳಬೇಕೆಂದು ನನ್ನ ಬಾಯಿಗೆ ಬಂತು. ಕೇಳಲಿಲ್ಲ. ಅವರಿಗೆ ಅದು ಗೊತ್ತಿರುವ ಸಂಭವವೂ ಇರಲಿಲ್ಲ.

ಮನೆಗೆ ಬಂದು ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಈ ಸಲ ಸ್ಕ್ರೂಡ್ರೈವರ್ ತಂದಿದ್ದೆ. ಸುತ್ತ ಇದ್ದ ಸ್ಕ್ರೂಗಳನ್ನೆಲ್ಲ ತೆಗೆದರೂ ಒಂದೂ ಬಾಯಿ ಬಿಡಲಿಲ್ಲ. ಆಮೇಲೆ ರಿಪೇರಿ ಮಾಡುವವರನ್ನು ವಿಚಾರಿಸಿದೆ. ಈ ಮಾದರಿಯಲ್ಲಿ ಕೊನೆಯ ಸ್ಕ್ರೂ ಸೆಲ್ಲು ಹಾಕುವ ಗೂಡಿನೊಳಗೆ, ಕಂಪನಿ ಅಂಟಿಸಿದ ಚೀಟಿಯ ಅಡಿಯಲ್ಲಿ ಇರುತ್ತದೆ. ಚೀಟಿಯನ್ನು ತೂತು ಮಾಡದೆ ಯಾರಿಂದಲೂ ತೆರೆಯಲಾಗುವುದಿಲ್ಲ ಎಂದರು. ಎಷ್ಟೋ ವರ್ಷ ನಾನೇ ಸೆಲ್ಲು ಬದಲಿಸುತ್ತ ಆ ಚೀಟಿಯನ್ನು ನೋಡಿದ್ದೆ. ಬೇರೊಬ್ಬ ರಿಪೇರಿಯವನನ್ನೂ ಕೇಳಿದೆ. ಅವನೂ ಅದನ್ನೇ ಹೇಳಿದ.

ಬೆಳಗಿನ ಬಿಸಿಲಿನಲ್ಲಿ ಕಿಟಕಿಯ ಹತ್ತಿರ ಹಿಡಿದು, ಒಂದೊಂದನ್ನೇ ಎರಡೆರಡು ಸಲ ನೋಡಿದೆ. ನಾಲ್ಕೂ ಚೀಟಿಗಳು ಕಾರ್ಖಾನೆಯಿಂದ ಬಂದ ಹಾಗೇ ಇದ್ದವು, ಒಂದರಲ್ಲೂ ತೂತಿರಲಿಲ್ಲ.